ಹಾರಿದವರು, ಮುಳುಗಿದವರು: ಮನೆಬಳಕೆಯ ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿ. ಓದಿದ ಮೇಲೆ ನಿಮ್ಮ ಕೈಗೆ ಸಿಗುವ, ಅವರ ಕೈಗೆ ಸಿಗದ ಜಾಗದಲ್ಲಿಡಿ. ಅವರ ಕೈಗೆ ಸಿಕ್ಕಿತೋ, ಅಂಚಿನ ತುಂಬ ಕೆಂಪು ಶಾಯಿಯ ತಿದ್ದುಪಡಿಗಳೊಂದಿಗೆ, ಸಹಿ ಮತ್ತು ದಿನಾಂಕ ಸಮೇತ ವಾಪಸು ಬರುತ್ತದೆ.

ಪೀಠಿಕೆ

ಅಭಿನಂದನೆಗಳು! ಪುಣೆಯಲ್ಲಿ ಮನೆ ಮಾಡಿದ ನಿಮಗೆ ಮಾವನಾಗಿಯೋ ಪಕ್ಕದ ಫ್ಲ್ಯಾಟಿನವರಾಗಿಯೋ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯಾಗಿಯೋ ಒಬ್ಬ ಮಾಜಿ ಸೈನಿಕರು ದೊರೆತಿದ್ದಾರೆ. ಇದರಲ್ಲಿ ನಿಮ್ಮ ಪುಣ್ಯಕ್ಕಿಂತ ಊರಿನ ಪಾಲು ದೊಡ್ಡದು. ಸದರ್ನ್ ಕಮಾಂಡಿನ ಮುಖ್ಯ ಕಚೇರಿ ಇಲ್ಲಿದೆ. ಮೂರೂ ಪಡೆಗಳ ಕೆಡೆಟ್‌ಗಳನ್ನು ಒಟ್ಟಿಗೆ ಓಡಿಸುವ, ಒಟ್ಟಿಗೆ ಉಣ್ಣಿಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಖಡಕ್‌ವಾಸ್ಲಾದಲ್ಲಿದೆ. ಸೇನೆಯ ವೈದ್ಯಕೀಯ ಕಾಲೇಜು ವಾನವಡಿಯಲ್ಲಿ, ಬಾಂಬೆ ಸ್ಯಾಪರ್ಸ್‌ನ ತವರು ಖಡ್ಕಿಯಲ್ಲಿ. ಸಮುದ್ರವೊಂದಿಲ್ಲ ಎನ್ನುವಿರಾ? ಅದಕ್ಕೂ ವ್ಯವಸ್ಥೆಯಿದೆ. ನೌಕಾಪಡೆಯವರಿಗೆ ಹಡಗಿನ ಎಂಜಿನ್ ಕಲಿಸುವ ಐಎನ್‌ಎಸ್ ಶಿವಾಜಿ 1945ರಿಂದಲೂ ಲೋಣಾವಳದ ಬೆಟ್ಟದ ಮೇಲೆ ಕೂತಿದೆ. ಅಲೆ ಕಾಣದ ಜಾಗದಲ್ಲಿ ಹಡಗು ಕಲಿತು, ಮುಂದೆ ಪಿಂಪ್ರಿ-ಚಿಂಚ್‌ವಡದ ಕಾರ್ಖಾನೆಗಳಲ್ಲಿ ಎರಡನೆಯ ನೌಕರಿ ಹಿಡಿದು, ಈ ಊರಿನಲ್ಲೇ ಲಂಗರು ಹಾಕಿದವರು ಬೇಕಾದಷ್ಟು ಮಂದಿ.

ಇಂಥ ಕೈಪಿಡಿ ಬೇಕೇ ಎಂದು ಹೊರಗಿನವರು ಕೇಳಬಹುದು. ಪುಣೆಯವರು ಕೇಳುವುದಿಲ್ಲ. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ ಎನ್ನುವುದನ್ನೂ ನಾಲ್ಕು ಸಾಲಿನ ವ್ಯಂಗ್ಯದಲ್ಲಿ ಬರೆದು ತೂಗುಹಾಕುವ ಊರು ಇದು. ಪುಣೇರಿ ಪಾಟಿಗಳ ಕೀರ್ತಿ ಮಹಾರಾಷ್ಟ್ರದಾಚೆಗೂ ಹಬ್ಬಿದೆ. ಆ ಪರಂಪರೆಗೆ ಕನ್ನಡಿಗರ ಕಿರುಕಾಣಿಕೆ ಎಂದು ಇದನ್ನು ಸ್ವೀಕರಿಸಿ.

ಇಲ್ಲಿ ಎರಡು ಮಾದರಿಗಳನ್ನು ಮಾತ್ರ ವಿವರಿಸಿದೆ. ಒಂದು, ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿದು ಬಂದದ್ದು. ಇದನ್ನು ಹಾರುಮಾದರಿ ಎನ್ನೋಣ. ನಮ್ಮವರಲ್ಲಿ ಇದು ಹೆಚ್ಚಾಗಿ ಬೆಳಗಾವಿ ಕಡೆಯದು. ಇನ್ನೊಂದು, ಸಬ್‌ಮರೀನಿನಲ್ಲಿ ಕೂತು ನೀರಿನಡಿ ಇದ್ದು ಬಂದದ್ದು. ಇದು ಮುಳುಗುಮಾದರಿ, ಉಡುಪಿ, ಕಾರವಾರದ ಕಡೆಯದು. ಎರಡೂ ಮಾದರಿಯವರು ತರಕಾರಿಯವಳೊಡನೆ ಮರಾಠಿ, ಬ್ಯಾಂಕಿನಲ್ಲಿ ಹಿಂದಿ, ಜಗಳಕ್ಕೆ ಕನ್ನಡ ಬಳಸುತ್ತಾರೆ.

1. ಗುರುತಿಸುವ ವಿಧಾನ

ಹಾರುಮಾದರಿ ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ಆಸೆಪಡುವುದಿಲ್ಲ, ಬಾಗಿಲ ಹತ್ತಿರದ ಸೀಟು ಹುಡುಕುತ್ತದೆ. ಸ್ಟಾಪ್ ಇನ್ನೂ ಎರಡು ಇರುವಾಗಲೇ ಎದ್ದು ನಿಲ್ಲುತ್ತದೆ. ಮುಂದೆ ನಿಂತವನ ಬ್ಯಾಗಿನ ಪಟ್ಟಿ ಸಡಿಲವಾಗಿದ್ದರೆ ಕೇಳದೆ ಬಿಗಿಮಾಡುತ್ತದೆ. ಕಾಲೇಜು ಹುಡುಗರು ಬೆಚ್ಚಿಬಿದ್ದು ಜೇಬು ಮುಟ್ಟಿ ನೋಡಿಕೊಂಡರೆ ಅವರದು ತಪ್ಪಲ್ಲ. ವಿಮಾನದಲ್ಲಿ ಸಾಲಾಗಿ ನಿಂತಾಗ ಪ್ರತಿಯೊಬ್ಬ ತನ್ನ ಮುಂದಿನವನ ಬೆನ್ನಿನ ಕಟ್ಟು ಪರೀಕ್ಷಿಸಬೇಕು ಎಂಬುದು ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲಿನಲ್ಲಿ ಕೈಗೆ ಹತ್ತಿಸಿದ ಪಾಠ. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ. ಅಲ್ಲಿ ಐದು ಸಲ ಜಿಗಿದ ಮೇಲೆ ಎದೆಗೆ ರೆಕ್ಕೆಯ ಬಿಲ್ಲೆ ಬಂತು. ಅಭ್ಯಾಸ ಮಾತ್ರ ಪಿಂಚಣಿಯೊಂದಿಗೆ ಮನೆಗೂ ಬಂತು. ಬಸ್ಸಿನಿಂದ ಇಳಿಯುವಾಗ ಎರಡೂ ಪಾದ, ಎರಡೂ ಮೊಣಕಾಲು ಜೋಡಿಸಿಕೊಂಡು ಇಳಿಯುವವರನ್ನು ಕಂಡರೆ ಖಾತ್ರಿಪಡಿಸಿಕೊಳ್ಳಿ.

ಮುಳುಗುಮಾದರಿಯನ್ನು ಹೊರಗೆ ಗುರುತಿಸುವುದು ಕಷ್ಟ, ಮನೆಯೊಳಗೆ ಸುಲಭ. ನಲ್ಲಿ ತಿರುಗಿಸಿದರೆ ನೂಲಿನೆಳೆಯಷ್ಟೇ ನೀರು. ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ಉಳಿದದ್ದರಲ್ಲಿ ಬನಿಯನ್ ಹಿಂಡುತ್ತಾರೆ. ಫಾಕ್ಸ್‌ಟ್ರಾಟ್ ವರ್ಗದ ಸಬ್‌ಮರೀನಿನಲ್ಲಿ ಸುಮಾರು 75 ಮಂದಿಗೆ ಸಿಹಿನೀರಿನ ಲೆಕ್ಕ ಲೋಟದಲ್ಲಿತ್ತು. ಸ್ನಾನ ಎನ್ನುವುದು ಬಂದರಿಗೆ ಸಂಬಂಧಪಟ್ಟ ವಿಷಯವಾಗಿತ್ತು. ಬಾಗಿಲು ಎಷ್ಟೇ ಎತ್ತರವಿರಲಿ, ಇವರು ತಲೆ ಬಗ್ಗಿಸಿಯೇ ದಾಟುತ್ತಾರೆ. ನೆಂಟರು ಇದನ್ನು ವಿನಯ ಎಂದು ತಿಳಿದಿದ್ದಾರೆ, ತಿಳಿದಿರಲಿ. ಗಣಪತಿ ವಿಸರ್ಜನೆಯ ಢೋಲಿನ ನಡುವೆಯೂ ಗೊರಕೆ ಹೊಡೆಯುವ ಇವರು ನಡುರಾತ್ರಿ ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತ ಕೂಡಲೇ ಎದ್ದು ಕೂರುತ್ತಾರೆ. ಸದ್ದು ಇರುವವರೆಗೆ ಎಲ್ಲ ಸರಿ. ನಿಂತರೆ ಯಾಕೆ ನಿಂತಿತೆಂದು ನೋಡಬೇಕು.

2. ಕಾರ್ಯವಿಧಾನ

ಮುಖ್ಯ ವ್ಯತ್ಯಾಸ ಕಾಲದ ಲೆಕ್ಕದಲ್ಲಿದೆ.

ಸುಮಾರು 1,250 ಅಡಿ ಎತ್ತರದಿಂದ ಜಿಗಿದವನು ನೆಲ ಮುಟ್ಟಲು ಬೇಕಾದ್ದು ಒಂದು ನಿಮಿಷದ ಆಸುಪಾಸು. ಹಾರುಮಾದರಿ ಆ ಒಂದು ನಿಮಿಷವನ್ನು ಮುಕ್ಕಾಲು ಗಂಟೆ ಹೇಳುತ್ತದೆ. ಎದ್ದು ನಿಂತು ಕೊಕ್ಕೆ ಸಿಕ್ಕಿಸುವುದಕ್ಕೇ ಹತ್ತು ನಿಮಿಷ. ಕೆಂಪು ದೀಪದ ಹೊತ್ತಿಗೆ ಊರಿನ ಕುಲದೇವರು, ಮನೆಯ ಎಮ್ಮೆ, ಬರೆದು ಪೋಸ್ಟ್ ಮಾಡದ ಕಾಗದ ಎಲ್ಲ ಬಂದುಹೋಗುತ್ತವೆ. ಹಸಿರು ದೀಪ ಹತ್ತಿದ ಮೇಲೆ ಹಿಂದಿನವನು ನೂಕಿದನೋ ತಾವೇ ಹಾರಿದರೋ ಎಂಬ ಪ್ರಶ್ನೆ ಐವತ್ತು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿದೆ. ಅವರು ನೆಲ ಮುಟ್ಟುವ ಹೊತ್ತಿಗೆ ನಿಮ್ಮ ಚಹಾ ಆರಿ, ಇನ್ನೊಂದು ಬಂದಿರುತ್ತದೆ.

ಮುಳುಗುಮಾದರಿ ಇದಕ್ಕೆ ತದ್ವಿರುದ್ಧ. ವಾರಗಟ್ಟಲೆ ಸೂರ್ಯನನ್ನು ಕಾಣದೆ, ಚಪಾತಿ ಬಂದರೆ ರಾತ್ರಿ, ಮೊಟ್ಟೆ ಬಂದರೆ ಬೆಳಗು ಎಂದು ದಿನ ಎಣಿಸಿ, ಇನ್ನೊಬ್ಬ ಎದ್ದುಹೋದ ಬಿಸಿ ಬಂಕಿನಲ್ಲಿ ಮಲಗಿ, ಡೀಸೆಲ್ ವಾಸನೆಯನ್ನೇ ಹೊದ್ದುಕೊಂಡು ಕಳೆದದ್ದನ್ನು ಇವರು ಹೀಗೆ ವರದಿ ಮಾಡುತ್ತಾರೆ: "ಹೋದೆವು. ಮುಳುಗಿದೆವು. ಎದ್ದೆವು. ಬಂದೆವು." ಕೆಟ್ಟುಹೋಗಿದೆಯೆಂದು ತಟ್ಟಿ ನೋಡಬೇಡಿ. ಎಲ್ಲಿಗೆ, ಯಾವಾಗ, ಎಷ್ಟು ದಿನ ಎನ್ನುವುದನ್ನು ಹೆಂಡತಿಗೂ ಹೇಳದ ನೌಕರಿ ಅದು. ಗಂಡ ಸಬ್‌ಮರೀನಿನಿಂದಲೇ ಬಂದನೆಂದು ಆಕೆಗೆ ತಿಳಿಯುತ್ತಿದ್ದದ್ದು ಒಗೆಯಲು ಹಾಕಿದ ಬಟ್ಟೆಯ ವಾಸನೆಯಿಂದ.

3. ಚಾಲನೆ

"ಅಂಕಲ್, ಒಂದು ಯುದ್ಧದ ಕಥೆ ಹೇಳಿ" ಎಂದು ಎಂದಿಗೂ ಕೇಳಬೇಡಿ. ಎರಡೂ ಮಾದರಿ ತಕ್ಷಣ ಬಂದ್ ಆಗುತ್ತವೆ, ಅಥವಾ ಗಣರಾಜ್ಯೋತ್ಸವದ ಭಾಷಣ ಹೊರಡುತ್ತದೆ. ಬದಲಿಗೆ ಕೆಳಗಿನ ಗುಂಡಿಗಳನ್ನು ಒತ್ತಿ.

ಹಾರುಮಾದರಿಗೆ: "ಮೊದಲು ಹಾರಿದವರು ಯಾರು?" ತಾವೇ ಎಂದು ಹೇಳಬೇಕೆನಿಸಿದರೂ ಇತಿಹಾಸಕ್ಕೆ ತಲೆಬಾಗುತ್ತಾರೆ. ಭಾರತೀಯರಲ್ಲಿ ಮೊದಲು ಪ್ಯಾರಾಶೂಟಿನಿಂದ ಜಿಗಿದವರಲ್ಲಿ ಒಬ್ಬರು 152ನೆಯ ಪ್ಯಾರಾಶೂಟ್ ಬೆಟಾಲಿಯನ್ನಿನ ವೈದ್ಯ ಎ. ಜಿ. ರಂಗರಾಜ್, ಜೊತೆಗಿದ್ದವರು ಹವಿಲ್ದಾರ್ ಮೇಜರ್ ಮಥುರಾ ಸಿಂಗ್. 1941ರ ಮಾತು. ಡಾಕ್ಟರೇ ಮೊದಲು ಹಾರಿದರೆ ಕಾಲು ಮುರಿದುಕೊಂಡವರನ್ನು ನೋಡಲು ಕೆಳಗೆ ಒಬ್ಬರು ತಯಾರಿರುತ್ತಾರೆ, ಇದು ಸೇನೆಯ ದೂರದೃಷ್ಟಿ ಎಂಬುದು ಹಾರುಮಾದರಿಯ ವ್ಯಾಖ್ಯಾನ. ಅದೇ ರಂಗರಾಜ್ ಮುಂದೆ 60 ಪ್ಯಾರಾ ಫೀಲ್ಡ್ ಆಂಬುಲೆನ್ಸನ್ನು ಕೊರಿಯಾ ಯುದ್ಧಕ್ಕೆ ಕರೆದೊಯ್ದು ಮಹಾವೀರ ಚಕ್ರ ಪಡೆದರು ಎಂಬುದನ್ನು ಹೇಳುವಾಗ ಧ್ವನಿ ಸ್ವಲ್ಪ ಗಟ್ಟಿಯಾಗುತ್ತದೆ. ಗಮನಿಸಿ, ಅದು ಬೇರೆಯವರ ಕಥೆ.

ಇನ್ನೊಂದು ಗುಂಡಿ: "ಮಾಲ್ಡೀವ್ಸಿನಲ್ಲಿ ಹೇಗೆ ಹಾರಿದಿರಿ?" ಇದನ್ನು ಒತ್ತಿದರೆ ನಿಟ್ಟುಸಿರು ಬರುತ್ತದೆ. 1988ರ ನವೆಂಬರ್ 3ರ ರಾತ್ರಿ ಅಲ್ಲಿನ ದಂಗೆ ಅಡಗಿಸಲು ಆಗ್ರಾದಿಂದ ಹೊರಟ 50 ಪ್ಯಾರಾ ಬ್ರಿಗೇಡಿನವರನ್ನು ಇಲ್ಯೂಶಿನ್-76 ವಿಮಾನಗಳು ಹುಲುಲೆ ವಿಮಾನ ನಿಲ್ದಾಣದಲ್ಲಿ ನೇರವಾಗಿ ಇಳಿಸಿಬಿಟ್ಟವು. ಜಗತ್ತೇ ಹೊಗಳಿದ ಕಾರ್ಯಾಚರಣೆ. ಆದರೆ ಪ್ಯಾರಾಗಳು ವಿಮಾನದಿಂದ ನಡೆದುಕೊಂಡು ಇಳಿದರು! ಆ ಸಂಕಟ ಹಾರುಮಾದರಿಗೆ ಮಾತ್ರ ಗೊತ್ತು.

ಮುಳುಗುಮಾದರಿಗೆ: "ಶೌಚಾಲಯ ಹೇಗಿತ್ತು?" ನಾಲ್ಕು ವಾಕ್ಯದ ಮನುಷ್ಯ ನಾಲ್ಕು ಪುಟವಾಗುತ್ತಾರೆ. ಹೊರಗೆ ಸಮುದ್ರದ ಒತ್ತಡ, ಒಳಗೆ ಮನುಷ್ಯನ ಅವಸರ, ನಡುವೆ ಸರದಿ ತಪ್ಪದೆ ತಿರುಗಿಸಬೇಕಾದ ವಾಲ್ವುಗಳು. ಸರದಿ ತಪ್ಪಿದರೆ ಕಳಿಸಿದ್ದು ಕಳಿಸಿದವನ ಮುಖಕ್ಕೇ ಮರಳುತ್ತದೆ. ನಂಬದಿದ್ದರೆ ಅವರು ಜರ್ಮನಿಯ ಯು-1206ರ ದೃಷ್ಟಾಂತ ಕೊಡುತ್ತಾರೆ. 1945ರ ಏಪ್ರಿಲ್ 14ರಂದು ಸ್ಕಾಟ್ಲೆಂಡಿನ ಕರಾವಳಿಯ ಬಳಿ ಅದರ ಶೌಚಾಲಯದ ವ್ಯವಸ್ಥೆಯಿಂದ ಒಳನುಗ್ಗಿದ ನೀರು ಬ್ಯಾಟರಿಗಳಿಗೆ ತಗುಲಿ ಕ್ಲೋರಿನ್ ಅನಿಲ ಹುಟ್ಟಿತು, ಮೇಲಕ್ಕೆ ಬರದೆ ಗತಿಯಿರಲಿಲ್ಲ, ಬಂದರೆ ಶತ್ರುವಿಮಾನ. ಹಡಗೇ ಹೋಯಿತು. ಈ ಕಥೆ ಕೇಳಿದ ಮೇಲೆ ಅವರ ಮನೆಯ ಫ್ಲಶ್ ಬಳಸುವ ಮುನ್ನ ಗೋಡೆಗೆ ಅಂಟಿಸಿರುವ ಚೀಟಿಯನ್ನು ಓದುವುದು ಒಳಿತು.

"ರಷ್ಯನ್ ಬರುತ್ತದಾ?" ಎಂಬ ಗುಂಡಿಯೂ ಕೆಲಸ ಮಾಡುತ್ತದೆ. ನಮ್ಮ ಮೊದಲ ಸಬ್‌ಮರೀನ್ ಐಎನ್‌ಎಸ್ ಕಲ್ವರಿ 1967ರ ಡಿಸೆಂಬರ್ 8ರಂದು ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ ಸೇವೆಗೆ ಸೇರಿತು. ಅದಕ್ಕೆ ಮೊದಲು ಸಿಬ್ಬಂದಿ ವ್ಲಾಡಿವೊಸ್ಟಾಕಿನ ಚಳಿಯಲ್ಲಿ ಭಾಷೆ ಕಲಿತು, ಆ ಭಾಷೆಯಲ್ಲಿ ಯಂತ್ರ ಕಲಿಯಬೇಕಾಗಿತ್ತು. ವಾಪಸು ಬರುವಾಗ ಸೂಯೆಜ್ ಕಾಲುವೆ ಮುಚ್ಚಿತ್ತು. ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು 1968ರ ಜುಲೈನಲ್ಲಿ ವಿಶಾಖಪಟ್ಟಣ ತಲುಪಿದರು. ಆ ಹಿರಿಯರಿಂದ ಕಲಿತವರು ನಿಮ್ಮ ಮಾದರಿ. ಮಿಕ್ಸಿಯ ಗುಂಡಿಗಳ ಹೆಸರು ನೆನಪಾಗದಿದ್ದರೂ ನೀರು ಬಿಡುವ ವಾಲ್ವಿಗೆ ರಷ್ಯನ್ನಿನಲ್ಲಿ ಏನೆನ್ನುತ್ತಾರೆಂದು ನಿದ್ದೆಯಲ್ಲೂ ಹೇಳಬಲ್ಲರು.

4. ಎರಡೂ ಮಾದರಿಗಳನ್ನು ಒಟ್ಟಿಗೆ ಚಾಲನೆ ಮಾಡುವುದು

ಸಾಧ್ಯ. ಆದರೆ ತಟಸ್ಥ ನೆಲ ಬೇಕು. ಫರ್ಗ್ಯೂಸನ್ ಕಾಲೇಜು ರಸ್ತೆಯ ವೈಶಾಲಿ ಇದಕ್ಕೆ ಹೇಳಿಮಾಡಿಸಿದ ಜಾಗ. ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲಾದ್ದರಿಂದ ಮುಳುಗುಮಾದರಿಗೆ ಕರಾವಳಿಯ ತವರು ನೆಲ. ಸೀಟಿಗಾಗಿ ಬಾಗಿಲಲ್ಲಿ ಸಾಲು ನಿಂತು ಕರೆ ಬರುವವರೆಗೆ ಕಾಯಬೇಕಾದ್ದರಿಂದ ಹಾರುಮಾದರಿಗೂ ತವರು ನೆಲ. ಇಬ್ಬರನ್ನೂ ಎದುರುಬದುರು ಕೂರಿಸಿ, ನಡುವೆ ಸಾಂಬಾರಿನ ಬಟ್ಟಲಿಟ್ಟು, ನೀವು ಸ್ವಲ್ಪ ದೂರ ಸರಿಯಿರಿ. ಮುಂದಿನದು ತಾನಾಗಿ ಆಗುತ್ತದೆ.

"ಅಲ್ರೀ ಚೀಫ್‌ಸಾಹೇಬ್ರ, ಸರಕಾರ ಅಷ್ಟ ರೊಕ್ಕಾ ಹಾಕಿ ಜಹಾಜ ಕಟ್ಟಸ್ತೈತಿ, ನೀವ್ ಹೋಗಿ ಅದನ್ನ ಮುಳಗಸ್ತೀರಿ. ಇದೆಂಥಾ ಶ್ಯಾಣ್ಯಾತನರೀ?"

"ಮುಳುಗಿಸಿದ್ದನ್ನು ಎತ್ತಿ ವಾಪಸು ತರ್ತೇವಲ್ಲ ಸುಬೇದಾರ್ರೇ. ನೀವು ಚಂದ ಹೋಗ್ತಾ ಇದ್ದ ವಿಮಾನದಿಂದ ಅರ್ಧ ದಾರಿಯಲ್ಲಿ ಇಳಿದುಬಿಡ್ತೀರಿ. ಪೈಲಟ್ ಏನು ಬೈದನಾ ನಿಮಗೆ?"

"ಪೈಲಟ್ ಮಾರಿ ನೋಡಿದ್ರ ನೀವೂ ಹಾರತಿದ್ರಿ."

"ಒಂದು ಲೆಕ್ಕ ಹೇಳ್ತೇನೆ ಕೇಳಿ. ಸಮುದ್ರದ ಅಡಿಯಲ್ಲಿ ಎಷ್ಟು ವಿಮಾನ ಬಿದ್ದುಕೊಂಡು ಉಂಟು, ಯಾರಿಗೂ ಗೊತ್ತಿಲ್ಲ. ಆಕಾಶದಲ್ಲಿ ಒಂದಾದ್ರೂ ಸಬ್‌ಮರೀನ್ ಸಿಕ್ಕಿಹಾಕಿಕೊಂಡದ್ದು ಉಂಟಾ ಮಾರಾಯ್ರೆ?"

"ಅದಕ್ಕ ನೋಡ್ರಿ ನಾವ್ ವಿಮಾನದಾಗ ಕುಂದ್ರೂದಿಲ್ಲ!"

ಮುಳುಗುಮಾದರಿ ಹೇಳಿದ್ದು ಜಗತ್ತಿನ ಎಲ್ಲ ನೌಕಾಪಡೆಗಳ ಸಬ್‌ಮರೀನಿನವರೂ ಹೇಳುವ ಹಳೆಯ ಮಾತು. ಹಾರುಮಾದರಿಯ ಉತ್ತರ ಮಾತ್ರ ಬೆಳಗಾವಿಯದು. ಈ ಹಂತದಲ್ಲಿ ಪಕ್ಕದ ಮೇಜಿನವರು ತಿರುಗಿ ನೋಡುವುದು ಸಹಜ.

ಸುಮಾರು ಎರಡನೆಯ ಫಿಲ್ಟರ್ ಕಾಫಿಯ ಹೊತ್ತಿಗೆ ಯಂತ್ರದ ಸದ್ದು ಬದಲಾಗುತ್ತದೆ. ಇದನ್ನು ಕಿವಿಗೊಟ್ಟು ಕೇಳಿ. "ಚೀಫ್‌ಸಾಹೇಬ್ರ, ಖರೇ ಹೇಳ್ರಿ, ಅಂಜಿಕಿ ಆಗತಿರ್ಲಿಲ್ಲೇನು?" "ಮೇಲಿನ ಹ್ಯಾಚ್ ಮುಚ್ಚಿದವ ಸರಿಯಾಗಿ ಮುಚ್ಚಿದ್ದಾನೆ ಅಂತ ನಂಬ್ತಿದ್ದೆವು. ನಂಬದಿದ್ರೆ ಒಳಗೆ ಒಂದು ಗಂಟೆ ಇರ್ಲಿಕ್ಕಾಗ್ತದಾ?" "ನಮ್ಮದೂ ಅದ ಐತ್ರಿ. ಪ್ಯಾರಾಶೂಟ್ ಮಡಚಿದಾಂವ ಯಾರು, ಕರಿಯೋ ಕೆಂಪೋ, ಎಂದೂ ನೋಡಿಲ್ಲ. ಚೀಟಿ ಮ್ಯಾಲಿನ ಅವನ ಸಹಿ ಅಷ್ಟ ನೋಡಿದ್ದು."

ಎರಡು ಮಾದರಿಗಳೂ ಒಂದೇ ಕಾರ್ಖಾನೆಯವು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಒಬ್ಬ ಗಾಳಿಯಲ್ಲಿ, ಒಬ್ಬ ನೀರಿನಲ್ಲಿ. ಇಬ್ಬರ ಜೀವವೂ ಇನ್ನೊಬ್ಬನ ಜಾಗರೂಕತೆಯ ಮೇಲೆ ನಿಂತಿತ್ತು. ನಿಮ್ಮ ಮನೆಯ ಗ್ಯಾಸ್ ಸಿಲಿಂಡರಿನ ಗುಂಡಿಯನ್ನು ಇವರು ಮೂರು ಸಲ ಮುಟ್ಟಿ ನೋಡುವುದು, ಮೊಮ್ಮಗಳ ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡುವುದು ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ. ಆ ಸಹಿ ಮಾಡಿದವನ ಸಾಲದ ಮರುಪಾವತಿ ನಡೆಯುತ್ತಿದೆ, ಕಂತು ಕಂತಾಗಿ.

5. ಇಂಧನ

ಬೆಳಗ್ಗೆ ಖಡಕ್ ಚಹಾ, ಶ್ರೂಸ್‌ಬರಿ ಬಿಸ್ಕತ್ತು. ಅದಕ್ಕಾಗಿ ಕಯಾನಿ ಬೇಕರಿಯ ಸಾಲಿನಲ್ಲಿ ನಿಲ್ಲಲು ಹಾರುಮಾದರಿಯನ್ನೇ ಕಳಿಸಿ, ಸಾಲಿನಲ್ಲಿ ನಿಲ್ಲುವುದು ಅವರ ವೃತ್ತಿ. ಸಂಜೆಗೆ ಕ್ಯಾಂಟೀನಿನ ರಮ್, ಅಳತೆ ಮೀರದಂತೆ. ಅಳತೆ ಯಾರದು ಎಂಬ ಚರ್ಚೆಗೆ ಇಳಿಯಬೇಡಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ಇದು ಸೇನೆಯ ನಿಯಮವಲ್ಲ, ಪುಣೆಯ ನಿಯಮ.

6. ದೋಷಗಳು ಮತ್ತು ಪರಿಹಾರ

ದೋಷ: ಅದೇ ಕಥೆ, ಪ್ರತಿ ಸಲವೂ ಹಾರಿದವರ ಸಂಖ್ಯೆ ಹೆಚ್ಚು.

ಪರಿಹಾರ: ಇದು ದೋಷವಲ್ಲ, ಇದಕ್ಕೆ ರಾಷ್ಟ್ರೀಯ ಪೂರ್ವನಿದರ್ಶನವಿದೆ. 1971ರ ಡಿಸೆಂಬರ್ 11ರ ಸಂಜೆ ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ 2 ಪ್ಯಾರಾ ತಂಡ ಢಾಕಾದ ದಾರಿಯಲ್ಲಿನ ಟಾಂಗಾಯಿಲ್ ಬಳಿ, ಪೂಂಗ್ಲಿ ಸೇತುವೆ ಹಿಡಿಯಲು ಇಳಿಯಿತು. ಹಾರಿದವರು ಸುಮಾರು 700. ಜಿಗಿತದ ಚಿತ್ರ ಕೈಗೆ ಸಿಗದ ಕಾರಣ ಸೇನೆಯ ಪ್ರಚಾರಾಧಿಕಾರಿ ಐ. ರಾಮಮೋಹನ ರಾವ್ ಆಗ್ರಾದಲ್ಲಿ ಇಡೀ ಬ್ರಿಗೇಡ್ ಅಭ್ಯಾಸಕ್ಕೆ ಹಾರಿದ್ದಾಗ ತೆಗೆದ ಹಳೆಯ ಚಿತ್ರವನ್ನು ಪತ್ರಿಕೆಗಳಿಗೆ ಕೊಟ್ಟರು. ಆಕಾಶದ ತುಂಬ ಕೊಡೆಗಳು! ಇಳಿದವರು ಐದು ಸಾವಿರ ಎಂದು ಜಗತ್ತು ನಂಬಿತು, ಢಾಕಾದಲ್ಲಿದ್ದ ಪಾಕಿಸ್ತಾನಿ ಸೇನೆಯ ಎದೆಯೂ ಕುಸಿಯಿತು. ಲೆಕ್ಕವನ್ನು ಸುಮಾರು ಏಳು ಪಟ್ಟು ಹಿಗ್ಗಿಸಿ ಯುದ್ಧ ಗೆಲ್ಲುವುದಕ್ಕೆ ನೆರವಾದ ಪರಂಪರೆಯವರನ್ನು ಸೊಸೈಟಿಯ ಕಟ್ಟೆಯ ಮೇಲೆ ಕೂತು ತಿದ್ದಲು ಹೋಗಬೇಡಿ. ಟಾಂಗಾಯಿಲ್‌ನಲ್ಲಿ ಇಳಿದವರನ್ನು ಬಂದು ಕೂಡಿಕೊಂಡದ್ದು 1 ಮರಾಠಾ ಲೈಟ್ ಇನ್‌ಫೆಂಟ್ರಿ. 2 ಪ್ಯಾರಾ ಕೂಡ ಮೂಲತಃ ಮರಾಠಾ ಪಲ್ಟಣವೇ. ಎರಡಕ್ಕೂ ಬೆಳಗಾವಿಯ ಮಣ್ಣಿನ ನಂಟಿದೆ ಎಂದು ನೀವೇ ಹೇಳಿಬಿಟ್ಟರೆ ಕಾಫಿಯ ಬಿಲ್ಲು ಅವರೇ ಕೊಡುತ್ತಾರೆ.

ದೋಷ: ಟಿವಿಯಲ್ಲಿ ಸಬ್‌ಮರೀನ್ ಸಿನಿಮಾ ಬಂದಾಗ ಮುಳುಗುಮಾದರಿ ಗೊಣಗುತ್ತದೆ.

ಪರಿಹಾರ: ಗೊಣಗಲಿ. ಒಳಗೆ ಯಾರೂ ಹಾಗೆ ಕಿರುಚಾಡುವುದಿಲ್ಲ, ಸದ್ದು ಮಾಡಿದವನು ಹಡಗಿನ ಶತ್ರು ಎಂಬುದು ಅವರ ಆಕ್ಷೇಪ. ಚಮಚ ಬಿದ್ದರೂ ಎಲ್ಲರೂ ಉಸಿರು ಹಿಡಿಯುತ್ತಿದ್ದ ದಿನಗಳನ್ನು ನೆನೆದು ಅವರು ರಿಮೋಟಿನಲ್ಲಿ ಧ್ವನಿ ತಗ್ಗಿಸುತ್ತಾರೆ. ಸಿನಿಮಾ ಮೂಕಿಯಾಗುತ್ತದೆ, ಆಗ ಅವರಿಗೆ ಅದು ಸರಿಯೆನಿಸುತ್ತದೆ.

ದೋಷ: ಮೊಮ್ಮಕ್ಕಳು ಪ್ಯಾರಾಶೂಟ್ ಎಂದರೆ ತೆಂಗಿನೆಣ್ಣೆ ಎಂದು ತಿಳಿದಿದ್ದಾರೆ.

ಪರಿಹಾರ: ಸದ್ಯಕ್ಕೆ ತಿದ್ದಬೇಡಿ. ಹಾರುಮಾದರಿ ಸ್ವತಃ ಆ ನೀಲಿ ಬಾಟಲಿಯನ್ನು ಎದೆಗವಚಿಕೊಂಡು, ಸೋಫಾದ ಅಂಚಿನಲ್ಲಿ ನಿಂತು ವಿವರಿಸಲು ಹೊರಟಿದ್ದಾರೆ. ಮೊಣಕಾಲಿನ ಪರಿಸ್ಥಿತಿ ಗೊತ್ತಿದ್ದವರು ಪಕ್ಕದಲ್ಲಿ ದಿಂಬು ಹಾಕಿಡಿ.

ದೋಷ: ವಿಶಾಖಪಟ್ಟಣದ ಪ್ರವಾಸಕ್ಕೆ ಕರೆದೊಯ್ದರೆ ಮುಳುಗುಮಾದರಿ ಕುರ್ಸುರಾದಿಂದ ಹೊರಗೆ ಬರುವುದಿಲ್ಲ.

ಪರಿಹಾರ: 1969ರಿಂದ 2001ರವರೆಗೆ ಸೇವೆಯಲ್ಲಿದ್ದು, 2002ರಿಂದ ಕಡಲತೀರದ ಮರಳಿನ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತ ಫಾಕ್ಸ್‌ಟ್ರಾಟ್ ಅದು. ಪ್ರವಾಸಿಗಳು ಆ 91 ಮೀಟರನ್ನು ಕಾಲು ಗಂಟೆಯಲ್ಲಿ ದಾಟುತ್ತಾರೆ. ಇವರಿಗೆ ಅರ್ಧ ದಿನ ಬೇಕು. ಮಾರ್ಗದರ್ಶಿಯ ಪ್ರತಿ ವಾಕ್ಯಕ್ಕೂ ಅಡಿಟಿಪ್ಪಣಿ ಕೊಡುತ್ತಾರೆ. ಆತನೂ ಹಳೆಯ ನೌಕಾಪಡೆಯವನೇ ಆಗಿಬಿಟ್ಟರೆ ಊಟದ ಹೊತ್ತು ಮರೆತು, ನೀವು ಹೋಗಿ ಸಮುದ್ರ ನೋಡಿ ಬನ್ನಿ.

7. ನಿಗದಿತ ನಿರ್ವಹಣೆ

ನವೆಂಬರ್: ತಾವು ಬದುಕಿದ್ದೇವೆಂದು ಪಿಂಚಣಿದಾರರು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಮನವರಿಕೆ ಮಾಡಿಕೊಡುವ ತಿಂಗಳು. ಬೆರಳಚ್ಚು ಕೊಟ್ಟು ಬಂದ ಮುಳುಗುಮಾದರಿ "ಪೆರಿಸ್ಕೋಪ್ ಎತ್ತಿ ತೋರಿಸಿ ಬಂದೆ, ಇನ್ನೊಂದು ವರ್ಷ ಮುಳುಗಿರಬಹುದು" ಎನ್ನುತ್ತದೆ. ನಗಬೇಕು.

ಜನವರಿ 14: ಮಾಜಿ ಸೈನಿಕರ ದಿನ. 1953ರಲ್ಲಿ ನಮ್ಮ ಕೊಡಗಿನ ಕಾರಿಯಪ್ಪನವರು ಸೇನೆಯ ಮುಖ್ಯಸ್ಥ ಸ್ಥಾನದಿಂದ ನಿವೃತ್ತರಾದ ದಿನವೇ ಇದಕ್ಕೆ ಗೊತ್ತಾಗಿದೆ. ಹಾರುಮಾದರಿಯ ಟ್ರಂಕಿನಿಂದ ಮರೂನ್ ಬೆರೆ ಹೊರಗೆ ಬರುತ್ತದೆ. ತಲೆ ಅಷ್ಟೇ ಇದೆ, ಕೂದಲು ಹೋದದ್ದರಿಂದ ಟೋಪಿ ಸಡಿಲವಾಗಿದೆ ಎಂಬುದು ಪ್ರತಿ ವರ್ಷದ ವರದಿ. ಕೋಟಿನ ಗುಂಡಿಯ ಬಗ್ಗೆ ವರದಿಯಿಲ್ಲ.

ದುರಸ್ತಿ: ಅಧಿಕೃತ ಸೇವಾ ಕೇಂದ್ರ ಒಂದೇ, ಅವರ ಹೆಂಡತಿ. ಬೇರೆಯವರು ಬಿಚ್ಚಿ ನೋಡಬಾರದು. "ಅಷ್ಟ ಎತ್ತರದಿಂದ ಹಾರ್ಯಾರಂತ, ಅಟ್ಟದ ಮ್ಯಾಗಿನ ಡಬ್ಬಿ ಇಳಸ್ರಿ ಅಂದ್ರ ಮಣಕಾಲ ಹಿಡದ ಕುಂದ್ರತಾರ" ಎಂದು ಒಬ್ಬಾಕೆ. "ಮದುವೆಯಾಗಿ ನಲವತ್ತು ವರ್ಷ, ಇವರು ಎಲ್ಲಿದ್ದರು ಅಂತ ನನಗೆ ಇನ್ನೂ ಗೊತ್ತಿಲ್ಲ, ಈಗ ಮಂಡಯಿಗೆ ಹೋಗಿ ಬರ್ಲಿಕ್ಕೆ ನಾಲ್ಕು ಫೋನು ಮಾಡ್ತಾರೆ" ಎಂದು ಇನ್ನೊಬ್ಬಾಕೆ. ಅವರು ಹಾರಿದ ದಿನ, ಇವರು ಮುಳುಗಿದ ತಿಂಗಳು, ಮನೆ ಮಕ್ಕಳು ಜ್ವರ ಶಾಲೆ ಎಲ್ಲ ನಡೆಸಿದವರು ಈ ಹೆಂಡಂದಿರು. ಇವರಿಗೆ ಬಿಲ್ಲೆ ಯಾರೂ ಚುಚ್ಚಲಿಲ್ಲ, ಕೈಪಿಡಿಯೂ ಸಿಗಲಿಲ್ಲ.

8. ಎಚ್ಚರಿಕೆಗಳು

ಡಿಸೆಂಬರ್ ತಿಂಗಳಲ್ಲಿ ಎರಡೂ ಮಾದರಿಗಳನ್ನು ಜೋಪಾನವಾಗಿ ಬಳಸಿ. 4ರಂದು ನೌಕಾ ದಿನ, 8ರಂದು ಸಬ್‌ಮರೀನ್ ದಿನ, 11ರಂದು ಟಾಂಗಾಯಿಲ್, 16ರಂದು ವಿಜಯ. ನಡುವೆ 9 ಇದೆ. 1971ರ ಆ ರಾತ್ರಿ ಪಾಕಿಸ್ತಾನದ ಹ್ಯಾಂಗೋರ್ ಸಬ್‌ಮರೀನಿನ ಟಾರ್ಪೆಡೊ ತಗುಲಿ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ಮುಳುಗುಮಾದರಿಗೆ ಈ ದಿನ ಎರಡು ಬಗೆಯಲ್ಲಿ ಭಾರ: ಸತ್ತವರು ನಮ್ಮವರು, ಹೊಡೆದದ್ದು ತಾನು ನಡೆಸುವಂಥದೇ ಯಂತ್ರ. ಹಾಗೆಯೇ ಆಗಸ್ಟ್ 14. ಅಂದು, 2013ರಲ್ಲಿ, ಮುಂಬೈ ಬಂದರಿನಲ್ಲೇ ಸ್ಫೋಟಗೊಂಡು ನಮ್ಮ ಸಬ್‌ಮರೀನ್ ಸಿಂಧುರಕ್ಷಕ್ 18 ಮಂದಿಯೊಡನೆ ಮುಳುಗಿತು. ಆ ದಿನ ಟಿವಿ ಹಾಕುವ ಮುನ್ನ ಕೇಳಿ.

ಹಾರುಮಾದರಿ ಆಗಾಗ ಖಡ್ಕಿಯ ಪ್ಯಾರಾಪ್ಲೆಜಿಕ್ ಕೇಂದ್ರಕ್ಕೆ ಹೋಗುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಸೈನಿಕರಿಗಾಗಿ 1974ರಲ್ಲಿ ತೆರೆದ ಮನೆ ಅದು. ಜೊತೆಗೆ ಹೋದರೆ ಅಲ್ಲಿನ ನಗೆಮಾತು ಕೇಳಿ ಬೆಚ್ಚಬೇಡಿ, ಹೊರಗಿನದಕ್ಕಿಂತ ಹರಿತ. ಅವರು ನಕ್ಕಾಗ ನೀವೂ ನಗಿ. ಅವರಿಗಿಂತ ಮೊದಲು ಮುಖ ಸಣ್ಣ ಮಾಡುವುದು ಶಿಷ್ಟಾಚಾರವಲ್ಲ.

ಇನ್ನು ಅತಿ ಮುಖ್ಯವಾದದ್ದು. ಈ ಎರಡೂ ಮಾದರಿಗಳ ಕಥೆಗಳಲ್ಲಿ ಹೇಳುವವನು ಯಾವಾಗಲೂ ಪೆದ್ದ. ಜಾಲಿಮುಳ್ಳಿನ ಮೇಲೆ ಇಳಿದವನು ತಾನು, ತಪ್ಪು ವಾಲ್ವ್ ತಿರುಗಿಸಿದವನು ತಾನು, ಬೈಸಿಕೊಂಡವನು ತಾನು. ಧೈರ್ಯ, ಜಾಣತನ ಎಲ್ಲ ಬೇರೆ ಯಾರದೋ. ಹತ್ತಾರು ಕಥೆ ಕೇಳಿದ ಮೇಲೆ ಆ ಬೇರೆಯವರ ಹೆಸರುಗಳು ನಿಮಗೂ ಬಾಯಿಪಾಠವಾಗುತ್ತವೆ. ಅವರಲ್ಲಿ ಹಲವರು ಸಾತಾರೆಯಲ್ಲಿ ಹೊಲ ಮಾಡಿದ್ದಾರೆ, ಕೊಚ್ಚಿಯಲ್ಲಿ ಮನೆ ಕಟ್ಟಿದ್ದಾರೆ, ಮೊಮ್ಮಕ್ಕಳ ಮದುವೆಗೆ ಕರೆಯೋಲೆ ಕಳಿಸಿದ್ದಾರೆ. ಒಬ್ಬ ಮಾತ್ರ ಯಾವ ಕಥೆಯಲ್ಲೂ ಇಪ್ಪತ್ತಮೂರು ದಾಟುವುದಿಲ್ಲ. ಅತಿ ಹೆಚ್ಚು ನಗಿಸುವವನೂ ಅವನೇ. ಅವನ ಮುಂದಿನ ಸುದ್ದಿ ಕೇಳಬೇಡಿ. ಅವನನ್ನು ಮತ್ತೆ ಮತ್ತೆ ಹಾಜರಿಗೆ ಕರೆಯುವುದಕ್ಕಾಗಿಯೇ ಇಷ್ಟೂ ತಮಾಷೆ ನಡೆಯುತ್ತಿದೆ. ಸಂತಾಪದ ಮಾತಿನಲ್ಲಿ ಕರೆದರೆ ಒಮ್ಮೆ ಬಂದು ಹೋಗುತ್ತಾನೆ. ನಗೆಯಲ್ಲಿ ಕರೆದರೆ ವಾರಕ್ಕೊಮ್ಮೆ ಬರುತ್ತಾನೆ.

9. ಖಾತರಿ

ಬಿಡಿಭಾಗಗಳು ದೊರೆಯುವುದಿಲ್ಲ. ಹಾರುಮಾದರಿಯ ಡಕೋಟಾ, ಪ್ಯಾಕೆಟ್ ವಿಮಾನಗಳು ಎಂದೋ ಸೇವೆಯಿಂದ ಹೋದವು. ಫಾಕ್ಸ್‌ಟ್ರಾಟ್‌ಗಳಲ್ಲಿ ಕೊನೆಯದಾದ ವಾಗ್ಲಿಯೂ 2010ರಲ್ಲಿ ನಿವೃತ್ತಿಯಾಯಿತು. ಕಲ್ವರಿ, ಖಂಡೇರಿ ಎಂಬ ಹೆಸರುಗಳನ್ನು ಹೊಸ ಸಬ್‌ಮರೀನ್‌ಗಳು ಹೊತ್ತಿವೆ; ಖಂಡೇರಿ ಎಂಬುದು ಶಿವಾಜಿಯ ಕಡಲಕೋಟೆಯದು ಎಂದು ಪುಣೆಯ ಮಗುವಿಗೂ ಗೊತ್ತು. ಹಳೆಯ ಖಂಡೇರಿಯಲ್ಲಿ ಮೊಟ್ಟೆಯ ಟ್ರೇಗಳನ್ನು ಎಲ್ಲೆಲ್ಲಿ ತುರುಕಿಡುತ್ತಿದ್ದರು ಎಂಬುದು ಮಾತ್ರ ನಿಮ್ಮ ಪಕ್ಕದ ಫ್ಲ್ಯಾಟಿನವರ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ದಾಖಲಾಗಿಲ್ಲದಿರಬಹುದು.

ಆದ್ದರಿಂದ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಕಥೆಯಲ್ಲಿ ಬರುವ ಹೆಸರು, ಊರು, ಯಾರ ಕಾಲು ಎಲ್ಲಿ ಉಳುಕಿತು, ಯಾರು ಯಾರಿಗೆ ಬೈದರು ಎಲ್ಲವನ್ನೂ ಬರೆಯಿರಿ. ಇಸವಿ ತಪ್ಪಿದ್ದರೆ ಇರಲಿ, ಇನ್ನೊಂದು ಮಾದರಿ ಬಂದು ತಿದ್ದುತ್ತದೆ, ಅದಕ್ಕೇ ಹುಟ್ಟಿದ್ದು ಅದು.

ಕೆಳಗಿನ ಸಂದರ್ಭಗಳಲ್ಲಿ ಖಾತರಿ ರದ್ದಾಗುತ್ತದೆ: ಕಥೆಯ ನಡುವೆ ಮೊಬೈಲ್ ನೋಡಿದರೆ, "ಇದನ್ನು ಹೋದ ವಾರ ಹೇಳಿದ್ರಿ" ಎಂದರೆ, ಮುಳುಗುಮಾದರಿಗೆ ಈಜು ಬರುತ್ತದೆಯೇ ಎಂದು ಕೇಳಿದರೆ, ಹಾರುಮಾದರಿಯನ್ನು ಎಸ್ಸೆಲ್ ವರ್ಲ್ಡಿನ ತೊಟ್ಟಿಲಲ್ಲಿ ಕೂರಿಸಿದ್ದನ್ನು ನಾಲ್ಕು ಜನರೆದುರು ಹೇಳಿದರೆ.

ಕಥೆ ನಿಂತಂತೆ ಕಂಡಾಗ "ಆಮೇಲೆ?" ಎಂದು ಕೇಳುವುದು ಸಂಪೂರ್ಣವಾಗಿ ಬಳಕೆದಾರರ ಜವಾಬ್ದಾರಿ. ಕೇಳದೆ ಹೋದಲ್ಲಿ ಉಂಟಾಗುವ ನಷ್ಟಕ್ಕೆ ತಯಾರಕರು ಹೊಣೆಯಲ್ಲ.